ಪ್ಯಾಕೆಟ್ ಮೇಲಿನ ಹೆಸರಿಗೆ ಇರುವ ರಕ್ಷಣೆ ಅಂಗಡಿ ಬೋರ್ಡಿಗೂ ಬೇಕೆ? ಸೇವೆಗಳಿಗೆ ಟ್ರೇಡ್‌ಮಾರ್ಕ್ ಪಡೆಯುವ ಬಗೆ

ಕಾಫಿಪುಡಿ ಮಾರುತ್ತಿದ್ದವರು ಅದೇ ಹೆಸರಲ್ಲಿ ಕಾಫಿ ಬಾರ್ ತೆರೆಯುತ್ತಾರೆ. ಸೀರೆ ನೇಯಿಸಿ ಮಾರುವವರು ಬ್ಲೌಸ್ ಹೊಲಿದುಕೊಡುವುದಕ್ಕೂ ಶುರು ಮಾಡುತ್ತಾರೆ. ಪಂಪ್‌ಸೆಟ್ ತಯಾರಕರು ರಿಪೇರಿ ಸೆಂಟರ್ ಇಡುತ್ತಾರೆ. ಹೆಸರು ಒಂದೇ, ಲೋಗೋ ಒಂದೇ, ಮಾಲೀಕರೂ ಒಬ್ಬರೇ. ಹಾಗಾಗಿ ‘ನಮ್ಮ ಹೆಸರು ಆಗಲೇ ರಿಜಿಸ್ಟರ್ ಆಗಿದೆಯಲ್ಲ’ ಎಂದು ಸುಮ್ಮನಿದ್ದುಬಿಡುತ್ತಾರೆ.

ಆ ಸರ್ಟಿಫಿಕೇಟನ್ನು ಒಮ್ಮೆ ತೆಗೆದು ಓದಿ. ಅದರಲ್ಲಿ ಒಂದು ಕ್ಲಾಸ್ (ಸರಕು, ಸೇವೆಗಳನ್ನು ವಿಂಗಡಿಸಿದ ವಿಭಾಗ) ನಂಬರ್ ಇರುತ್ತದೆ, ಅದರ ಜೊತೆಗೆ ಸರಕುಗಳ ಪಟ್ಟಿ ಇರುತ್ತದೆ. ನಿಮ್ಮ ನೋಂದಣಿ ಇರುವುದು ಆ ಪಟ್ಟಿಯಲ್ಲಿರುವುದಕ್ಕೆ. ಕ್ಲಾಸ್ 30ರಲ್ಲಿ ‘ಕಾಫಿಪುಡಿ’ ಎಂದಿದ್ದರೆ ನೋಂದಣಿ ಇರುವುದು ಕಾಫಿಪುಡಿಗೆ. ಅದೇ ಪುಡಿಯಲ್ಲಿ ಕಾಫಿ ಮಾಡಿ ಲೋಟಕ್ಕೆ ಹಾಕಿಕೊಡುವ ಅಂಗಡಿ ಕ್ಲಾಸ್ 43ಕ್ಕೆ ಸೇರುತ್ತದೆ. ಅದಕ್ಕೆ ನೀವು ಇನ್ನೂ ಅರ್ಜಿ ಹಾಕಿಲ್ಲ.

ಈ ಲೇಖನ ಅಂಥವರಿಗಾಗಿ. ಸರಕಿಗೆ ನೋಂದಣಿ ಇದೆ, ಈಗ ಅದೇ ಹೆಸರನ್ನು ಸೇವೆಗೂ ಕಾಪಾಡಿಕೊಳ್ಳಬೇಕು. ಇದನ್ನು ಹೇಗೆ ಮಾಡುವುದು, ಯಾವ ಕ್ರಮದಲ್ಲಿ, ಎಲ್ಲಿ ಎಡವುತ್ತೇವೆ ಎಂಬುದನ್ನು ಭಾರತದ ಕಾನೂನಿಗೆ ಸೀಮಿತವಾಗಿ ಹೇಳುತ್ತೇನೆ. ಉದಾಹರಣೆಗೆ ಚಿಕ್ಕಮಗಳೂರು ಕಡೆಯ ಒಂದು ಕಾಫಿಪುಡಿ ಬ್ರ್ಯಾಂಡನ್ನು ಇಟ್ಟುಕೊಳ್ಳೋಣ. ಕೊನೆಯವರೆಗೂ ಅದರ ಜೊತೆಗೇ ಹೋಗೋಣ.

ಮೊದಲು ತಿಳಿದಿರಬೇಕಾದ ಎರಡು ಸಂಗತಿ

ನಮ್ಮಲ್ಲಿ ಸೇವೆಗಳಿಗೆ ಟ್ರೇಡ್‌ಮಾರ್ಕ್ ಕೊಡುವ ಪದ್ಧತಿ ತುಂಬಾ ಹಳೆಯದಲ್ಲ. 1958ರ ಕಾಯ್ದೆಯಲ್ಲಿ ಸರಕುಗಳಿಗೆ ಮಾತ್ರ ನೋಂದಣಿ ಸಿಗುತ್ತಿತ್ತು. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ 2003ರ ಸೆಪ್ಟೆಂಬರ್ 15ರಂದು ಜಾರಿಗೆ ಬಂದ ಮೇಲೆಯೇ ಹೋಟೆಲ್, ಶಿಕ್ಷಣ, ಸಾಗಾಟ, ರಿಪೇರಿ ಮುಂತಾದ ಸೇವೆಗಳಿಗೆ ಬಾಗಿಲು ತೆರೆಯಿತು. ಅಪ್ಪ, ಅಜ್ಜನ ಕಾಲದಲ್ಲಿ ನೋಂದಣಿ ಮಾಡಿಸಿದ ಹಳೆಯ ಮನೆತನದ ಬ್ರ್ಯಾಂಡ್‌ಗಳಲ್ಲಿ ಸೇವೆಯ ಸುದ್ದಿಯೇ ಇಲ್ಲದಿರುವುದಕ್ಕೆ ಇದೂ ಒಂದು ಕಾರಣ.

ಈಗ ಒಟ್ಟು 45 ಕ್ಲಾಸ್‌ಗಳಿವೆ. 1ರಿಂದ 34 ಸರಕಿಗೆ, 35ರಿಂದ 45 ಸೇವೆಗೆ.

ಎರಡನೆಯದು ಇನ್ನೂ ಮುಖ್ಯ. ಇರುವ ನೋಂದಣಿಗೆ ಸೇವೆಯನ್ನು ‘ಸೇರಿಸಲು’ ಬರುವುದಿಲ್ಲ. ಟ್ರೇಡ್‌ಮಾರ್ಕ್ ನೋಂದಾಯಿಸುವ ಸರ್ಕಾರಿ ಕಚೇರಿಯಾದ ರಿಜಿಸ್ಟ್ರಿಗೆ ಪತ್ರ ಬರೆದು ‘ನಮ್ಮ ಕಾಫಿಪುಡಿಯ ಜೊತೆಗೆ ಕೆಫೆಯನ್ನೂ ಸೇರಿಸಿಕೊಳ್ಳಿ’ ಎಂದರೆ ಆಗದು. ಇನ್ನೂ ಪರಿಶೀಲನೆಯಲ್ಲಿರುವ ಅರ್ಜಿಗೂ ಇದೇ ಮಾತು. ಪಟ್ಟಿಯಿಂದ ಏನನ್ನಾದರೂ ತೆಗೆಯಬಹುದು, ಮೊದಲು ಇಲ್ಲದ್ದನ್ನು ಆಮೇಲೆ ತುರುಕಲಾಗದು. ಹಾಗಾಗಿ ಹೊಸ ಅರ್ಜಿ, ಹೊಸ ಶುಲ್ಕ, ಹೊಸ ಪರಿಶೀಲನೆ. ಹಳೆಯ ನೋಂದಣಿ ತನ್ನಷ್ಟಕ್ಕೆ ತಾನು ಇರುತ್ತದೆ.

ಹಾಗಾದರೆ ಹಳೆಯದರಿಂದ ಏನೂ ಉಪಯೋಗ ಇಲ್ವಾ? ಇದೆ. ಕಾಫಿಪುಡಿಗೂ ಕಾಫಿ ಅಂಗಡಿಗೂ ಹತ್ತಿರದ ನಂಟಿದೆ. ಒಂದೇ ವ್ಯಾಪಾರಸ್ಥರು ಸರಕನ್ನೂ ಮಾರಿ ಆ ಸೇವೆಯನ್ನೂ ಕೊಡುವ ಸಾಧ್ಯತೆ ಇದ್ದರೆ ಎರಡಕ್ಕೂ ಸಂಬಂಧವಿದೆ ಎಂದು ಕಾಯ್ದೆಯ 2ನೇ ಸೆಕ್ಷನ್ನೇ ಹೇಳುತ್ತದೆ. ಬೇರೆ ಯಾರೋ ನಿಮ್ಮ ಹೆಸರಲ್ಲಿ ಕೆಫೆ ತೆರೆದರೆ ‘ಗ್ರಾಹಕರಿಗೆ ಗೊಂದಲವಾಗುತ್ತದೆ’ ಎಂದು 29ನೇ ಸೆಕ್ಷನ್ ಹಿಡಿದು ನೀವು ಕೋರ್ಟಿಗೆ ಹೋಗಬಹುದು. ಆದರೆ ಆ ಗೊಂದಲವನ್ನು ಸಾಬೀತು ಮಾಡುವ ಹೊರೆ ನಿಮ್ಮ ಮೇಲೆ ಬೀಳುತ್ತದೆ. ಅದೇ ಕ್ಲಾಸ್ 43ರಲ್ಲಿ ನಿಮ್ಮದೇ ನೋಂದಣಿ ಇದ್ದು, ಎದುರಿನವರು ಅದೇ ಹೆಸರನ್ನು ಅದೇ ಸೇವೆಗೆ ಬಳಸಿದ್ದರೆ, ಗೊಂದಲ ಆಗುತ್ತದೆ ಎಂದು ಕೋರ್ಟೇ ಊಹಿಸಿಕೊಂಡು ಮುಂದೆ ಹೋಗುತ್ತದೆ. ಈ ಒಂದು ವ್ಯತ್ಯಾಸಕ್ಕಾಗಿಯೇ ಹೊಸ ಅರ್ಜಿಯ ಖರ್ಚು ಯೋಗ್ಯ ಎಂದು ನಾನು ಹೇಳುವುದು.

ನಂದಿನಿ ಕೇಸು ಕಲಿಸುವುದು

ಸರಕು ಮತ್ತು ಸೇವೆಯ ಗಡಿಯ ಬಗ್ಗೆ ಕರ್ನಾಟಕದವರಿಗೆ ಹೇಳುವಾಗ ಈ ಕೇಸನ್ನು ಬಿಡುವಂತಿಲ್ಲ. ನಮ್ಮ ಹಾಲಿನ ಮಹಾಮಂಡಳ ‘ನಂದಿನಿ’ ಹೆಸರನ್ನು 1985ರಿಂದ ಹಾಲು, ಹಾಲಿನ ಉತ್ಪನ್ನಗಳಿಗೆ ಬಳಸುತ್ತಿದೆ. ಬೆಂಗಳೂರಿನ ‘ನಂದಿನಿ ಡಿಲಕ್ಸ್’ ಹೋಟೆಲ್ 1989ರಲ್ಲಿ ಶುರುವಾಯಿತು. ಹೋಟೆಲ್‌ನವರು ಆಮೇಲೆ ಅದೇ ಹೆಸರನ್ನು ಆಹಾರ ಪದಾರ್ಥಗಳ ಕ್ಲಾಸ್‌ಗಳಲ್ಲಿ ನೋಂದಾಯಿಸಲು ಹೊರಟಾಗ ಮಹಾಮಂಡಳ ವಿರೋಧಿಸಿತು. ರಿಜಿಸ್ಟ್ರಿಯಲ್ಲಿ ಹೋಟೆಲ್‌ನವರು ಗೆದ್ದರು, ಮೇಲ್ಮನವಿ ಮಂಡಳಿಯಲ್ಲೂ ಕರ್ನಾಟಕ ಹೈಕೋರ್ಟಿನಲ್ಲೂ ಸೋತರು. 2018ರ ಜುಲೈ 26ರಂದು ಸುಪ್ರೀಂ ಕೋರ್ಟ್ ಹೋಟೆಲ್‌ನವರ ಪರ ತೀರ್ಪು ಕೊಟ್ಟಿತು. ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಮಾತ್ರ ಅವರು ತಮ್ಮ ಪಟ್ಟಿಯಿಂದ ಬಿಡಬೇಕಾಯಿತು.

ಕೋರ್ಟ್ ಹೇಳಿದ್ದರಲ್ಲಿ ನಮಗೆ ಬೇಕಾದದ್ದು ಎರಡು. ಒಂದು, ಕ್ಲಾಸಿನಲ್ಲಿ ಒಂದು ಸರಕಿಗೆ ನೋಂದಣಿ ಸಿಕ್ಕ ಮಾತ್ರಕ್ಕೆ ಇಡೀ ಕ್ಲಾಸ್ ನಿಮ್ಮದಾಗುವುದಿಲ್ಲ. ಹಿಂದೆ ‘ಚಾರ್‌ಮಿನಾರ್’ ಹೆಸರಿನ ಜರ್ದಾ ವಿವಾದದಲ್ಲೂ ಇದೇ ಮಾತು ಬಂದಿತ್ತು. ಎರಡು, ನಂದಿನಿ ಎಂಬುದು ದೇವಿಯ ಹೆಸರು, ಪುರಾಣದ ಹಸುವಿನ ಹೆಸರು. ಯಾರೋ ಹೊಸದಾಗಿ ಹುಟ್ಟಿಸಿದ ಪದವಲ್ಲ. ಅಂಥ ಹೆಸರಿನ ಮೇಲೆ ಎಲ್ಲ ಕಡೆಗೂ ಚಾಚುವ ಹಕ್ಕು ಕೇಳಲಾಗದು.

ನಮ್ಮಲ್ಲಿ ದೇವರ ಹೆಸರು, ಊರಿನ ಹೆಸರು, ನದಿಯ ಹೆಸರಿನ ಬ್ರ್ಯಾಂಡ್‌ಗಳೇ ಜಾಸ್ತಿ ಅಲ್ವಾ? ನಿಮ್ಮದೂ ಅಂಥದ್ದಾಗಿದ್ದರೆ ‘ನಮ್ಮ ಹೆಸರಿಗಿರುವ ಖ್ಯಾತಿಯೇ ನಮ್ಮನ್ನು ಕಾಯುತ್ತದೆ’ ಎಂದು ನೆಚ್ಚಿಕೊಳ್ಳಬೇಡಿ. ಸಂಬಂಧವೇ ಇಲ್ಲದ ಸರಕು, ಸೇವೆಗಳ ಮೇಲೂ ಹೆಸರಿನ ರಕ್ಷಣೆ ಕೇಳಲು ಕಾಯ್ದೆಯಲ್ಲಿ ಅವಕಾಶವಿದೆ, ನಿಜ. ಅದಕ್ಕೆ ಭಾರತದಲ್ಲಿ ನಿಮ್ಮ ಮಾರ್ಕಿಗೆ ದೊಡ್ಡ ಹೆಸರಿದೆ ಎಂದು ಸಾಬೀತು ಮಾಡಬೇಕು. ಜಿಲ್ಲೆಯಲ್ಲಿ ಚೆನ್ನಾಗಿ ಓಡುವ ಬ್ರ್ಯಾಂಡಿಗೆ ಅದು ಎಟುಕುವುದು ಕಷ್ಟ.

ಹೆಜ್ಜೆ 1: ನೀವು ಕೊಡುವ ಸೇವೆ ಯಾವುದೆಂದು ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಂಡು ವ್ಯಾಪಾರದಲ್ಲಿ ಬೇರೆಯವರಿಗಾಗಿ ನೀವು ಮಾಡಿಕೊಡುವ ಕೆಲಸಗಳನ್ನೆಲ್ಲ ಬರೆಯಿರಿ. ‘ಬೇರೆಯವರಿಗಾಗಿ’ ಎಂಬುದೇ ಇಲ್ಲಿ ಅಳತೆಗೋಲು. ನಿಮ್ಮ ಕಾಫಿಪುಡಿಯನ್ನು ನಿಮ್ಮ ವ್ಯಾನಿನಲ್ಲೇ ಅಂಗಡಿಗಳಿಗೆ ಹಾಕಿಬರುವುದು ನಿಮ್ಮ ಮಾರಾಟದ ಭಾಗ. ಅದಕ್ಕಾಗಿ ಸಾಗಾಟದ ಕ್ಲಾಸ್ 39ಕ್ಕೆ ಅರ್ಜಿ ಹಾಕುವುದು ಸುಮ್ನೆ ದುಡ್ಡು ದಂಡ. ಬೇರೆಯವರ ಸರಕನ್ನೂ ಬಾಡಿಗೆಗೆ ಸಾಗಿಸಿದರೆ ಆಗ ಅದು ಸೇವೆ.

ನಮ್ಮ ಕಾಫಿಪುಡಿ ಬ್ರ್ಯಾಂಡಿನ ಹಾಳೆ ಹೀಗಿರಬಹುದು. ಕಾಫಿ ಬಾರ್ ಇದೆ. ತೋಟದಲ್ಲಿ ಹೋಮ್‌ಸ್ಟೇ ಇದೆ. ಅಕ್ಕಪಕ್ಕದ ಬೆಳೆಗಾರರು ತಂದುಕೊಡುವ ಬೀಜವನ್ನು ಕೂಲಿಗೆ ಹುರಿದು, ಪುಡಿ ಮಾಡಿ ಕೊಡುತ್ತಾರೆ. ಕಾಫಿ ತಯಾರಿಸುವುದನ್ನು ಹುಡುಗರಿಗೆ ಕಲಿಸುವ ತರಬೇತಿ ಮುಂದಿನ ವರ್ಷ ಶುರುವಾಗಬೇಕು.

ಇದರಲ್ಲಿ ಕಾಫಿ ಬಾರ್ ಮತ್ತು ಹೋಮ್‌ಸ್ಟೇ ಎರಡೂ ಕ್ಲಾಸ್ 43. ಊಟ ತಿಂಡಿ ಕೊಡುವುದು, ತಂಗಲು ಜಾಗ ಕೊಡುವುದು ಒಂದೇ ಕ್ಲಾಸಿನಲ್ಲಿ ಬರುತ್ತವೆ. ಕೂಲಿಗೆ ಹುರಿದುಕೊಡುವುದು ಕ್ಲಾಸ್ 40. ತರಬೇತಿ ಕ್ಲಾಸ್ 41.

ಬೇರೆ ವ್ಯಾಪಾರದವರಿಗೂ ಇದೇ ಲೆಕ್ಕ. ಗಾಣದೆಣ್ಣೆ ಮಾರುವುದು ಕ್ಲಾಸ್ 29, ರೈತರು ತಂದ ಶೇಂಗಾವನ್ನು ಕೂಲಿಗೆ ಅರೆದುಕೊಡುವುದು ಕ್ಲಾಸ್ 40. ಸೀರೆ, ಸಿದ್ಧ ಉಡುಪು ಕ್ಲಾಸ್ 25, ಅಳತೆ ತೆಗೆದು ಹೊಲಿದುಕೊಡುವುದು ಮತ್ತೆ 40. ಪಂಪ್ ಕ್ಲಾಸ್ 7, ಅದರ ರಿಪೇರಿ 37. ಆಯುರ್ವೇದ ಔಷಧಿ ಕ್ಲಾಸ್ 5, ಚಿಕಿತ್ಸಾಲಯ 44. ವೀಣೆ, ತಬಲಾ ಕ್ಲಾಸ್ 15, ಅವನ್ನು ಕಲಿಸುವ ಶಾಲೆ 41. ಫೋನಿಗೆ ಇಳಿಸಿಕೊಳ್ಳುವ ಆ್ಯಪ್ ಕ್ಲಾಸ್ 9, ಇಂಟರ್‌ನೆಟ್ಟಿನಲ್ಲೇ ಬಳಸಲು ಕೊಡುವ ಸಾಫ್ಟ್‌ವೇರ್ ಸೇವೆ 42.

ಕ್ಲಾಸ್ 35ರ ಬಗ್ಗೆ ಸ್ವಲ್ಪ ನಿಲ್ಲಬೇಕು. ‘ಅಂಗಡಿ ಇದೆ ಅಂದಮೇಲೆ 35 ಹಾಕಲೇಬೇಕು’ ಎಂದು ಹೇಳುವ ಏಜೆಂಟರು ಬಹಳ ಇದ್ದಾರೆ. ಆ ಕ್ಲಾಸಿನ ವಿವರಣೆ ಓದಿದರೆ ಅದು ಬೇರೆಯವರ ಅನುಕೂಲಕ್ಕಾಗಿ ಹಲವು ಬಗೆಯ ಸರಕುಗಳನ್ನು ಒಂದೆಡೆ ಜೋಡಿಸಿಟ್ಟು, ಗಿರಾಕಿಗಳು ನೋಡಿ ಕೊಳ್ಳುವಂತೆ ಮಾಡುವ ಸೇವೆ. ಸೂಪರ್ ಮಾರ್ಕೆಟ್, ಹಲವು ಕಂಪನಿಗಳ ಸರಕು ಇಡುವ ಅಂಗಡಿ, ಆನ್‌ಲೈನ್ ಮಾರಾಟ ತಾಣ ಇದಕ್ಕೆ ಚೆನ್ನಾಗಿ ಹೊಂದುತ್ತವೆ. ನಿಮ್ಮದೇ ಪುಡಿಯನ್ನು ಮಾತ್ರ ಮಾರುವ ಒಂದು ಮಳಿಗೆಗೆ ಕ್ಲಾಸ್ 30ರ ನೋಂದಣಿಯೇ ಬಲವಾದದ್ದು. ಇತರರ ಜೇನು, ಮಸಾಲೆ, ಚಾಕೊಲೇಟನ್ನೂ ಇಟ್ಟು ಮಾರಲು ಶುರು ಮಾಡಿದ್ದೀರಾದರೆ ಆಗ 35ರ ಬಗ್ಗೆ ಯೋಚಿಸಿ.

ಹೆಜ್ಜೆ 2: ಎಷ್ಟು ಕ್ಲಾಸ್ ಎಂದು ತೀರ್ಮಾನಿಸಿ

ಈಗ ನಡೆಯುತ್ತಿರುವ ಸೇವೆಗೆ ಮೊದಲ ಆದ್ಯತೆ ಕೊಡಿ. ಒಂದೆರಡು ವರ್ಷದಲ್ಲಿ ಖಂಡಿತ ಶುರು ಮಾಡುವ ಸೇವೆಯನ್ನು ಆಮೇಲೆ ನೋಡಿ. ‘ಇರಲಿ ಅಂತ’ ಹತ್ತು ಕ್ಲಾಸಿಗೆ ಹಾಕಬೇಡಿ. ದುಡ್ಡಿನ ಮಾತು ಒಂದು ಕಡೆ ಇರಲಿ. ನೋಂದಣಿಯಾಗಿ ಐದು ವರ್ಷ ಮತ್ತು ಮೂರು ತಿಂಗಳು ಕಳೆದರೂ ಆ ಸೇವೆಗೆ ಹೆಸರನ್ನು ಬಳಸದಿದ್ದರೆ, ಅದರಿಂದ ತೊಂದರೆಯಾದ ಯಾರು ಬೇಕಾದರೂ 47ನೇ ಸೆಕ್ಷನ್ ಅಡಿ ಅದನ್ನು ತೆಗೆಸಲು ಅರ್ಜಿ ಹಾಕಬಹುದು. ಬಳಸುವ ಉದ್ದೇಶವೇ ಇಲ್ಲದೆ ಹಿಡಿದಿಟ್ಟ ಹೆಸರು ಇನ್ನೂ ದುರ್ಬಲ.

ಶುಲ್ಕ ಪ್ರತಿ ಕ್ಲಾಸಿಗೂ ಬೇರೆ. ಆನ್‌ಲೈನಿನಲ್ಲಿ ಹಾಕಿದರೆ ವ್ಯಕ್ತಿಗಳಿಗೆ, ಸ್ಟಾರ್ಟಪ್‌ಗಳಿಗೆ, ಸಣ್ಣ ಉದ್ಯಮಗಳಿಗೆ ಕ್ಲಾಸಿಗೆ 4,500 ರೂಪಾಯಿ. ಉಳಿದವರಿಗೆ 9,000 ರೂಪಾಯಿ. ಕಾಗದದಲ್ಲಿ ಹಾಕಿದರೆ 5,000 ಮತ್ತು 10,000. ಪಾಲುದಾರಿಕೆ ಸಂಸ್ಥೆ ಅಥವಾ ಕಂಪನಿ ಆಗಿದ್ದರೆ ಉದ್ಯಮ್ ನೋಂದಣಿ ಪತ್ರ ಇಟ್ಟುಕೊಂಡಿರಿ. ಅದಿಲ್ಲದೆ ಹೋದರೆ ಸಣ್ಣ ವ್ಯಾಪಾರವಾದರೂ ದುಪ್ಪಟ್ಟು ಕಟ್ಟಬೇಕಾಗುತ್ತದೆ.

ಹಲವು ಕ್ಲಾಸ್‌ಗಳಿಗೆ ಒಂದೇ ಅರ್ಜಿಯನ್ನೂ ಹಾಕಬಹುದು. ಶುಲ್ಕದಲ್ಲಿ ಮಾತ್ರ ಏನೂ ಉಳಿಯುವುದಿಲ್ಲ. ನಾನಾಗಿದ್ದರೆ ಬೇರೆ ಬೇರೆ ಅರ್ಜಿ ಹಾಕುತ್ತೇನೆ. ಒಂದೇ ಅರ್ಜಿಯಲ್ಲಿ ಮೂರು ಕ್ಲಾಸ್ ಇದ್ದು, ಕ್ಲಾಸ್ 43ಕ್ಕೆ ಯಾರೋ ವಿರೋಧ ಹಾಕಿದರೆ ಉಳಿದ ಎರಡೂ ಅದರ ಜೊತೆಗೇ ನಿಂತುಬಿಡುತ್ತವೆ. ಅರ್ಜಿಯನ್ನು ಒಡೆಯಿರಿ ಎಂದು ಕೇಳಿಕೊಳ್ಳಲು ಅವಕಾಶ ಇದೆ. ಮತ್ತೆ ಅದಕ್ಕೊಂದು ಅರ್ಜಿ, ಅದಕ್ಕೊಂದು ಶುಲ್ಕ, ಅದಕ್ಕೊಂದಿಷ್ಟು ಓಡಾಟ.

ಹೆಜ್ಜೆ 3: ಹುಡುಕಾಟ, ಸೇವೆಯ ಕ್ಲಾಸಿನಲ್ಲಿ ಹೊಸದಾಗಿ

ಕಾಫಿಪುಡಿಗೆ ಅರ್ಜಿ ಹಾಕುವಾಗ ಹುಡುಕಿದ್ದೆವು, ಮತ್ತೆ ಯಾಕೆ ಎನ್ನಬೇಡಿ. ಆಗ ನೋಡಿದ್ದು ಕ್ಲಾಸ್ 30. ಕ್ಲಾಸ್ 43ರಲ್ಲಿ ನೂರಾರು ಊರುಗಳ ಹೋಟೆಲ್, ಲಾಡ್ಜ್, ಖಾನಾವಳಿಗಳ ಹೆಸರುಗಳು ತುಂಬಿವೆ. ನಿಮ್ಮ ಹೆಸರು ಅಲ್ಲಿ ಆಗಲೇ ಇನ್ನೊಬ್ಬರ ಹತ್ತಿರ ಇರುವ ಸಾಧ್ಯತೆ ಸಾಕಷ್ಟಿದೆ.

ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ ಸಾರ್ವಜನಿಕ ಹುಡುಕಾಟ ಉಚಿತ. ಪದದ ಮೂಲಕ ಹುಡುಕಿ, ಆಮೇಲೆ ಉಚ್ಚಾರದ ಮೂಲಕವೂ ಹುಡುಕಿ. ಕನ್ನಡ ಹೆಸರುಗಳನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ‘ನಂದಿನಿ’ಯಲ್ಲೇ ಒಬ್ಬರು ದ ಮಾತ್ರ ಬರೆದರೆ ಇನ್ನೊಬ್ಬರು ಅದಕ್ಕೆ ಹ ಅಕ್ಷರ ಸೇರಿಸುತ್ತಾರೆ. ದೀರ್ಘ, ಒತ್ತು, ಮಹಾಪ್ರಾಣ ಎಲ್ಲವನ್ನೂ ಬದಲಿಸಿ ನೋಡಿ. ಸಂಬಂಧಪಟ್ಟ ಸರಕಿನ ಕ್ಲಾಸ್‌ಗಳನ್ನೂ ಬಿಡಬೇಡಿ. ಕೆಫೆಗೆ ಅರ್ಜಿ ಹಾಕುವವರು 43ರ ಜೊತೆಗೆ 29, 30 ಮತ್ತು ತಂಪು ಪಾನೀಯಗಳ 32ನ್ನೂ ನೋಡಬೇಕು. ಪರಿಶೀಲನಾಧಿಕಾರಿ ಹತ್ತಿರದ ಕ್ಲಾಸಿನ ಹೆಸರನ್ನೂ ಎತ್ತಿ ತೋರಿಸಬಹುದು.

ಇನ್ನೊಂದು ಸೂಕ್ಷ್ಮ ಇದೆ. ಸರಕಿಗೆ ಚೆನ್ನಾಗಿ ಸಲ್ಲುವ ಹೆಸರು ಸೇವೆಗೆ ಬಂದಾಗ ಬರೀ ವರ್ಣನೆಯಾಗಿಬಿಡಬಹುದು. ‘ತೋಟದ ಮನೆ’ ಎಂಬುದು ಕಾಫಿಪುಡಿಗೆ ಒಳ್ಳೆಯ ಬ್ರ್ಯಾಂಡ್ ಹೆಸರು. ಅದನ್ನೇ ಹೋಮ್‌ಸ್ಟೇಗೆ ಕೇಳಿದರೆ ‘ಇದು ಸೇವೆ ಏನೆಂದು ಹೇಳುವ ಪದವಷ್ಟೇ’ ಎಂದು 9ನೇ ಸೆಕ್ಷನ್ ಅಡಿ ಆಕ್ಷೇಪ ಬರಬಹುದು. ಆಗ ಲೋಗೋ ಸಮೇತ ಅರ್ಜಿ ಹಾಕುವುದು, ಅಥವಾ ಹೆಸರಿಗೆ ಇನ್ನೊಂದು ವಿಶಿಷ್ಟ ಪದ ಜೋಡಿಸುವುದು ಎರಡರಲ್ಲೊಂದನ್ನು ಮೊದಲೇ ಯೋಚಿಸಿ.

ಹುಡುಕಾಟ ಇಷ್ಟಕ್ಕೇ ಮುಗಿಯಬಾರದು. ನೋಂದಣಿ ಮಾಡಿಸದೆ ಹೆಸರು ಬಳಸುತ್ತಿರುವ ಹೋಟೆಲ್ ಎಲ್ಲಾದರೂ ಇದೆಯೇ ಎಂದು ಗೂಗಲ್ ಮ್ಯಾಪಿನಲ್ಲಿ, ಊಟ ತರಿಸುವ ಆ್ಯಪ್‌ಗಳಲ್ಲಿ ನೋಡಿ. ನಿಮಗಿಂತ ಮೊದಲಿನಿಂದ ಬಳಸುತ್ತಾ ಬಂದವರನ್ನು ನಿಮ್ಮ ನೋಂದಣಿ ತಡೆಯಲಾರದು. 34ನೇ ಸೆಕ್ಷನ್ ಅವರನ್ನು ಕಾಯುತ್ತದೆ.

ಹೆಜ್ಜೆ 4: ಅರ್ಜಿ ಯಾರ ಹೆಸರಲ್ಲಿ?

ಮನೆಮಂದಿಯೆಲ್ಲ ಸೇರಿ ನಡೆಸುವ ವ್ಯಾಪಾರಗಳಲ್ಲಿ ಕಗ್ಗಂಟಾಗುವ ಜಾಗ ಇದು. ಕಾಫಿಪುಡಿಯ ನೋಂದಣಿ ತಂದೆಯವರ ಹೆಸರಲ್ಲಿದೆ. ಕೆಫೆಯನ್ನು ಮಕ್ಕಳು ಎಲ್‌ಎಲ್‌ಪಿ (ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಸಂಸ್ಥೆ) ಮಾಡಿಕೊಂಡು ನಡೆಸುತ್ತಾರೆ. ಮಕ್ಕಳು ತಮ್ಮ ಎಲ್‌ಎಲ್‌ಪಿ ಹೆಸರಲ್ಲಿ ಕ್ಲಾಸ್ 43ಕ್ಕೆ ಅರ್ಜಿ ಹಾಕುತ್ತಾರೆ. ಆಗ ರಿಜಿಸ್ಟ್ರಿ ಮಕ್ಕಳ ಅರ್ಜಿಗೆ ಅಪ್ಪನ ಮಾರ್ಕನ್ನೇ ಅಡ್ಡ ಹಿಡಿಯಬಹುದು. ಕಾಗದದ ಮೇಲೆ ಇಬ್ಬರೂ ಬೇರೆ ಬೇರೆ.

ಅಪ್ಪನ ಲಿಖಿತ ಒಪ್ಪಿಗೆ ಕೊಟ್ಟು ಇದನ್ನು ಬಗೆಹರಿಸಿಕೊಳ್ಳಲು ದಾರಿಯಿದೆ. ಆದರೂ ಎರಡೂ ನೋಂದಣಿ ಒಬ್ಬರ ಹೆಸರಲ್ಲೇ ಇರಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅರ್ಜಿಯನ್ನು ತಂದೆಯವರೇ ಹಾಕಲಿ, ಕೆಫೆ ನಡೆಸಲು ಮಕ್ಕಳ ಸಂಸ್ಥೆಗೆ ಲಿಖಿತ ಲೈಸೆನ್ಸ್ ಕೊಡಲಿ. ಒಪ್ಪಂದದ ಮೇಲೆ ಬಳಸುವವರ ಬಳಕೆಯನ್ನು ಕಾನೂನು ಮಾಲೀಕರ ಬಳಕೆಯೆಂದೇ ಎಣಿಸುತ್ತದೆ. ನಾಳೆ ಆಸ್ತಿ ಪಾಲಾಗುವ ಹೊತ್ತಿಗೆ ಪುಡಿ ಒಬ್ಬರಿಗೆ, ಕೆಫೆ ಇನ್ನೊಬ್ಬರಿಗೆ ಎಂದು ಹೆಸರೇ ಹರಿದು ಹಂಚಿಹೋಗುವುದೂ ತಪ್ಪುತ್ತದೆ. ಒಬ್ಬರೇ ಮಾಲೀಕರಿದ್ದು ಸರಕು, ಸೇವೆಗೆ ಸಂಬಂಧವಿದ್ದರೆ ರಿಜಿಸ್ಟ್ರಿ ಆ ಎರಡು ಮಾರ್ಕುಗಳನ್ನು 16ನೇ ಸೆಕ್ಷನ್ ಅಡಿ ಒಂದಕ್ಕೊಂದು ಜೋಡಿಸಬಹುದು. ಹಾಗೆ ಜೋಡಿಸಿದ ಮೇಲೆ ಒಂದನ್ನು ಬಿಟ್ಟು ಇನ್ನೊಂದನ್ನು ಮಾತ್ರ ಮಾರಲು ಆಗುವುದಿಲ್ಲ.

ಫ್ರಾಂಚೈಸಿ ಕೊಡುವ ಯೋಚನೆ ಇರುವವರಿಗೂ ಇದೇ ಮಾತು. ಹಾಸನದಲ್ಲಿ, ಹುಬ್ಬಳ್ಳಿಯಲ್ಲಿ ಬೇರೆಯವರು ನಿಮ್ಮ ಬೋರ್ಡ್ ಹಾಕಿ ಕಾಫಿ ಬಾರ್ ನಡೆಸಬೇಕಾದರೆ ನೀವು ಅವರಿಗೆ ಕೊಡುತ್ತಿರುವುದು ಕ್ಲಾಸ್ 43ರ ಹೆಸರು. ಅದೇ ನಿಮ್ಮ ಹತ್ತಿರ ಇಲ್ಲದಿದ್ದರೆ ಫ್ರಾಂಚೈಸಿ ಒಪ್ಪಂದಕ್ಕೆ ಬುಡವೇ ಗಟ್ಟಿ ಇರುವುದಿಲ್ಲ. ಮೊದಲು ಅರ್ಜಿ, ಆಮೇಲೆ ಫ್ರಾಂಚೈಸಿ.

ಹೆಜ್ಜೆ 5: ಸೇವೆಯ ವಿವರ ಬರೆಯುವುದು

ಅರ್ಜಿಯಲ್ಲಿ ನಿಮ್ಮ ಗಮನ ಅತಿ ಹೆಚ್ಚು ಬೇಕಾದ ಜಾಗ ಇದೇ. ಸೈಟಿನ ಪತ್ರಕ್ಕೆ ಚೆಕ್ಕುಬಂದಿ ಹೇಗೋ ಟ್ರೇಡ್‌ಮಾರ್ಕ್ ಅರ್ಜಿಗೆ ಈ ವಿವರ ಹಾಗೆ. ಅಲ್ಲಿ ಬರೆದಷ್ಟೇ ನಿಮ್ಮದು.

ಅರ್ಜಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಬೇಕು. ಅಲ್ಲಿ ಏನು ಬರಬೇಕು ಎಂಬುದನ್ನು ಮೊದಲು ಕನ್ನಡದಲ್ಲೇ ಬರೆದುಕೊಂಡರೆ ತಲೆ ಸ್ಪಷ್ಟವಾಗಿರುತ್ತದೆ. ಬಹಳ ಅರ್ಜಿಗಳಲ್ಲಿ ಏಜೆಂಟರು ಕ್ಲಾಸಿನ ಶೀರ್ಷಿಕೆಯನ್ನೇ ನಕಲು ಮಾಡಿರುತ್ತಾರೆ: ‘ಆಹಾರ ಮತ್ತು ಪಾನೀಯ ಒದಗಿಸುವ ಸೇವೆ, ತಾತ್ಕಾಲಿಕ ವಸತಿ’. ಕೇಳಲು ವಿಶಾಲವಾಗಿದೆ. ನಂದಿನಿ ಕೇಸಿನ ನಂತರ ಇಂಥ ವಿಶಾಲ ಬರಹವನ್ನು ನಂಬಿ ಕೂರುವುದು ನನಗೆ ಸರಿ ಕಾಣುವುದಿಲ್ಲ. ನೀವು ಬಳಸುವುದು ಕಾಫಿ ಬಾರಿಗೆ ಮಾತ್ರ ಆದರೆ ವಸತಿಯ ಭಾಗವನ್ನು ಯಾರಾದರೂ ಪ್ರಶ್ನಿಸಬಹುದು.

ನಮ್ಮ ಬ್ರ್ಯಾಂಡಿಗೆ ನಾನು ಬರೆಯುವುದಾದರೆ ಕ್ಲಾಸ್ 43ಕ್ಕೆ ಹೀಗೆ: ‘ಕೆಫೆ ಸೇವೆ, ಕಾಫಿ, ಟೀ ಮತ್ತು ತಿಂಡಿ ಕೊಡುವ ಹೋಟೆಲ್ ಸೇವೆ, ಪಾರ್ಸೆಲ್ ಆಹಾರ ಸೇವೆ, ಸಮಾರಂಭಗಳಿಗೆ ಕಾಫಿ, ತಿಂಡಿ ಕೇಟರಿಂಗ್, ಕಾಫಿ ತೋಟದಲ್ಲಿ ಹೋಮ್‌ಸ್ಟೇ ವಸತಿ’. ಕ್ಲಾಸ್ 40ಕ್ಕೆ: ‘ಇತರರಿಗಾಗಿ ಕಾಫಿ ಬೀಜ ಹುರಿದುಕೊಡುವುದು, ಇತರರಿಗಾಗಿ ಕಾಫಿ ಪುಡಿ ಮಾಡಿಕೊಡುವುದು’. ಆ ‘ಇತರರಿಗಾಗಿ’ ಎಂಬ ಮಾತು ಅಲ್ಲಿ ಇರಲೇಬೇಕು. ಅದಿಲ್ಲದಿದ್ದರೆ ನಿಮ್ಮ ಸ್ವಂತ ತಯಾರಿಕೆಯನ್ನೇ ಸೇವೆ ಎಂದು ಹೇಳಿದಂತೆ ಕಾಣುತ್ತದೆ.

ಗಮನಿಸಿ, ಹೋಮ್‌ಸ್ಟೇಯನ್ನು ಈಗಲೇ ಬರೆದರೆ ಅದಕ್ಕೆ ಬೇರೆ ಶುಲ್ಕವಿಲ್ಲ, ಕಾರಣ ಅದು ಅದೇ ಕ್ಲಾಸ್. ಮುಂದಿನ ವರ್ಷ ನೆನಪಾದರೆ ಹೊಸ ಅರ್ಜಿಯೇ ಗತಿ. ಆದ್ದರಿಂದ ಒಂದು ಕ್ಲಾಸಿನೊಳಗೆ ನಿಜವಾಗಿ ಮಾಡುವ, ಮಾಡಲಿರುವ ಕೆಲಸಗಳನ್ನೆಲ್ಲ ನೆನಪಿಸಿಕೊಂಡು ಬರೆಯಿರಿ.

ಮಾರ್ಕ್ ಪದದ ರೂಪದಲ್ಲೋ ಲೋಗೋ ರೂಪದಲ್ಲೋ? ಹೆಸರು ವಿಶಿಷ್ಟವಾಗಿದ್ದರೆ ಪದವೇ ಇರಲಿ. ಪ್ಯಾಕೆಟ್ಟಿನ ಲೇಬಲ್ಲನ್ನೇ ಹಾಗೇ ಅರ್ಜಿಗೆ ಅಂಟಿಸಬೇಡಿ. ಅದರಲ್ಲಿ ‘ಶುದ್ಧ ಕಾಫಿಪುಡಿ’, ತೂಕ, ಬೆಲೆ ಎಲ್ಲ ಇರುತ್ತದೆ. ಹೋಟೆಲ್ ಸೇವೆಗೆ ಅದು ಹೊಂದುವುದಿಲ್ಲ. ಕನ್ನಡ ಲಿಪಿಯ ಮಾರ್ಕ್ ಆದರೆ ಉಚ್ಚಾರವನ್ನೂ ಅರ್ಥವನ್ನೂ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆದುಕೊಡಬೇಕು.

ಹೆಜ್ಜೆ 6: ಬಳಕೆಯ ದಿನಾಂಕ ಮತ್ತು ಅಫಿಡವಿಟ್

ಎಂದಿನಿಂದ ಬಳಸುತ್ತಿದ್ದೀರಿ ಎಂದು ಅರ್ಜಿಯಲ್ಲಿ ಕೇಳುತ್ತಾರೆ. ಇಲ್ಲಿ ಕೈ ತಾನಾಗಿಯೇ ಹಳೆಯ ದಿನಾಂಕದ ಕಡೆ ಹೋಗುತ್ತದೆ. ಕಾಫಿಪುಡಿ 1992ರಿಂದ ಇದೆ, ಹಾಗಾಗಿ 1992 ಬರೆದುಬಿಡೋಣ ಎನಿಸುತ್ತದೆ. ಬೇಡ. ಕೆಫೆ ತೆರೆದದ್ದು 2022ರಲ್ಲಾದರೆ ಕ್ಲಾಸ್ 43ಕ್ಕೆ 2022ರ ದಿನಾಂಕವೇ ಸರಿ. ಪುಡಿಯ ಇತಿಹಾಸ ಸೇವೆಗೆ ತಾನಾಗಿ ವರ್ಗವಾಗುವುದಿಲ್ಲ. ಬಳಕೆ ಹೇಳಿಕೊಂಡರೆ ಅಫಿಡವಿಟ್ ಕೊಡಬೇಕು, ಅದಕ್ಕೆ ದಾಖಲೆ ಜೋಡಿಸಬೇಕು. ಪ್ರಮಾಣ ಮಾಡಿ ಕೊಟ್ಟ ಕಾಗದದಲ್ಲಿ ತಪ್ಪು ದಿನಾಂಕ ಇದ್ದರೆ ಮುಂದೆ ವಿರೋಧಿಗಳು ಅದನ್ನೇ ಹಿಡಿದು ಇಡೀ ಅರ್ಜಿಯನ್ನು ಅಲ್ಲಾಡಿಸುತ್ತಾರೆ. ಪುಡಿಯ ಹಳೆಯ ಇತಿಹಾಸವನ್ನು ಅಫಿಡವಿಟ್ಟಿನಲ್ಲಿ ಹಿನ್ನೆಲೆಯಾಗಿ ಹೇಳಿ, ಹಳೆಯ ನೋಂದಣಿ ಸಂಖ್ಯೆಯನ್ನೂ ಕೊಡಿ. ಅದು ಬಲ ಕೊಡುತ್ತದೆ.

ಇನ್ನೂ ಶುರುವಾಗದ ಸೇವೆಗೆ ‘ಮುಂದೆ ಬಳಸುವ ಉದ್ದೇಶವಿದೆ’ ಎಂದು ಹಾಕಿದರೆ ಸಾಕು, ಅಫಿಡವಿಟ್ ಬೇಡ.

ಸೇವೆಗೆ ಬಳಕೆ ತೋರಿಸುವುದು ಸರಕಿನಷ್ಟು ಸುಲಭವಲ್ಲ. ಅಂಟಿಸಲು ಪ್ಯಾಕೆಟ್ ಇಲ್ಲ. ಸೇವೆ ಸಿಗುತ್ತದೆ, ಸೇವೆ ಕೊಡುತ್ತಿದ್ದೇವೆ ಎಂದು ಹೇಳುವ ಯಾವುದೇ ಬರಹದಲ್ಲಿ ಮಾರ್ಕ್ ಇದ್ದರೆ ಅದೇ ಬಳಕೆ. ಹಾಗಾಗಿ ಅಂಗಡಿಯ ಬೋರ್ಡಿನ ಫೋಟೊ, ಮೆನು ಕಾರ್ಡ್, ಜಿಎಸ್‌ಟಿ ಬಿಲ್, ಹುಡುಗರ ಯೂನಿಫಾರ್ಮ್, ಉದ್ಘಾಟನೆಯ ಆಮಂತ್ರಣ ಪತ್ರಿಕೆ, ಪೇಪರಿನಲ್ಲಿ ಬಂದ ಜಾಹೀರಾತು, ಕೆಫೆಯ ಹೆಸರಿರುವ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ಇವೆಲ್ಲ ದಾಖಲೆಗಳೇ. ಬಿಲ್ ಮೇಲೆ ಬ್ರ್ಯಾಂಡಿನ ಹೆಸರು ಬರುವಂತೆ ನೋಡಿಕೊಳ್ಳಿ. ಬಹಳ ಕಡೆ ಬಿಲ್ಲಿನಲ್ಲಿ ಮಾಲೀಕರ ಸಂಸ್ಥೆಯ ಹೆಸರಷ್ಟೇ ಇರುತ್ತದೆ. ಅಂಥ ಬಿಲ್ ಸಾವಿರ ಇದ್ದರೂ ಮಾರ್ಕಿನ ಬಳಕೆಗೆ ಸಾಕ್ಷಿಯಾಗುವುದಿಲ್ಲ. ಬಿಲ್ಲಿಂಗ್ ಮಷಿನ್‌ನವರಿಗೆ ಹೇಳಿ ತಲೆಬರಹ ಬದಲಿಸುವುದು ಹತ್ತು ನಿಮಿಷದ ಕೆಲಸ. ಅರ್ಜಿ ಹಾಕುವ ಮೊದಲೇ ಮಾಡಿಸಿಬಿಡಿ.

ಹೆಜ್ಜೆ 7: ಸಲ್ಲಿಕೆ ಮತ್ತು ಆಮೇಲಿನ ಗಡುವುಗಳು

ಅರ್ಜಿಯ ನಮೂನೆಯ ಹೆಸರು ಟಿಎಂ-ಎ. ಆನ್‌ಲೈನಿಗೆ ಡಿಜಿಟಲ್ ಸಹಿ ಬೇಕು. ಕರ್ನಾಟಕದಲ್ಲಿ ಮುಖ್ಯ ವ್ಯಾಪಾರ ಸ್ಥಳ ಇರುವವರು ಚೆನ್ನೈ ರಿಜಿಸ್ಟ್ರಿ ವ್ಯಾಪ್ತಿಗೆ ಬರುತ್ತಾರೆ. ಏಜೆಂಟ್ ಅಥವಾ ವಕೀಲರ ಮೂಲಕ ಹಾಕಿಸಿದರೆ ಅವರಿಗೆ ಟಿಎಂ-48 ಅಧಿಕಾರಪತ್ರ ಕೊಡಬೇಕು. ಸಲ್ಲಿಸಿದ ಅರ್ಜಿಯ ಪ್ರತಿ, ಶುಲ್ಕದ ರಸೀದಿ ಎರಡನ್ನೂ ಅವರಿಂದ ಕೇಳಿ ಪಡೆಯಿರಿ. ಯಾವ ಕ್ಲಾಸಿಗೆ, ಏನೆಂದು ಬರೆದಿದ್ದಾರೆ ಎಂದು ಅಂದೇ ಓದಿ ನೋಡಿ.

ಪರಿಶೀಲನಾ ವರದಿ ಬಂದ ಮೇಲೆ ಉತ್ತರಕ್ಕೆ ಒಂದು ತಿಂಗಳು ಸಮಯ. ಉತ್ತರಿಸದಿದ್ದರೆ ಅರ್ಜಿಯನ್ನು ಕೈಬಿಟ್ಟಂತೆ. ವರದಿ ಇಮೇಲಿಗೆ ಬರುತ್ತದೆ, ಅದು ಏಜೆಂಟರ ಇಮೇಲ್ ಆಗಿದ್ದು ಅವರು ನೋಡದೆ ಹೋದರೆ ನಷ್ಟ ನಿಮ್ಮದು. ಹದಿನೈದು ದಿನಕ್ಕೊಮ್ಮೆ ಅರ್ಜಿ ಸಂಖ್ಯೆ ಹಾಕಿ ವೆಬ್‌ಸೈಟಿನಲ್ಲಿ ನೀವೇ ಸ್ಥಿತಿ ನೋಡುತ್ತಿರಿ.

ಬೇರೆಯವರ ಮಾರ್ಕ್ ತೋರಿಸಿ 11ನೇ ಸೆಕ್ಷನ್ ಆಕ್ಷೇಪ ಬಂದರೆ, ನಿಮ್ಮ ಹಳೆಯ ಸರಕಿನ ನೋಂದಣಿಯನ್ನು ಆಗ ಮುಂದಿಡಿ. ಅವರಿಗಿಂತ ಮೊದಲಿನಿಂದ ಈ ಹೆಸರು ನಿಮ್ಮದು, ಕೆಫೆ ಅದರ ಸಹಜ ಮುಂದುವರಿಕೆ ಎಂಬ ವಾದಕ್ಕೆ ಅದು ಆಧಾರ. ಅವರ ಸೇವೆ ಪೂರ್ತಿ ಬೇರೆಯಾಗಿದ್ದರೆ ನಿಮ್ಮ ಪಟ್ಟಿಯಿಂದ ಒಂದೆರಡು ಮಾತು ಬಿಟ್ಟುಕೊಟ್ಟು ಉಳಿದದ್ದನ್ನು ಉಳಿಸಿಕೊಳ್ಳುವುದೂ ಜಾಣತನ. ನಂದಿನಿ ಡಿಲಕ್ಸ್‌ನವರು ಹಾಲನ್ನು ಬಿಟ್ಟು ಉಳಿದದ್ದನ್ನು ಪಡೆದದ್ದು ಹಾಗೆಯೇ.

ಅಧಿಕಾರಿ ಒಪ್ಪಿದ ಮೇಲೆ ಮಾರ್ಕ್ ಟ್ರೇಡ್‌ಮಾರ್ಕ್ ಜರ್ನಲ್ಲಿನಲ್ಲಿ ಪ್ರಕಟವಾಗುತ್ತದೆ. ಅಲ್ಲಿಂದ ನಾಲ್ಕು ತಿಂಗಳ ಒಳಗೆ ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು. ವಿರೋಧದ ನೋಟಿಸ್ ಕೈಗೆ ಬಂದರೆ ಎರಡು ತಿಂಗಳ ಒಳಗೆ ಪ್ರತಿ ಹೇಳಿಕೆ ಹಾಕಬೇಕು. ಇದನ್ನು ತಪ್ಪಿಸಿಕೊಂಡರೂ ಅರ್ಜಿ ಬಿದ್ದುಹೋಗುತ್ತದೆ. ಇಲ್ಲಿ ಮಾತ್ರ ಅನುಭವವಿರುವ ವಕೀಲರನ್ನೇ ಹಿಡಿಯಿರಿ.

ವಿರೋಧವಿಲ್ಲದಿದ್ದರೆ ಸರ್ಟಿಫಿಕೇಟ್ ಬರುತ್ತದೆ. ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಾಕಿ ಹತ್ತು ವರ್ಷ ಅದಕ್ಕೆ ಆಯುಷ್ಯ. ಆಮೇಲೆ ನವೀಕರಣ. ಸರಕಿನ ನೋಂದಣಿಯ ನವೀಕರಣದ ದಿನ ಬೇರೆ, ಸೇವೆಯದು ಬೇರೆ ಎಂಬುದು ನೆನಪಿರಲಿ. ಎರಡನ್ನೂ ಕ್ಯಾಲೆಂಡರಿನಲ್ಲಿ ಗುರುತಿಟ್ಟುಕೊಳ್ಳಿ.

ಸರ್ಟಿಫಿಕೇಟ್ ಬರುವ ತನಕ ಬೋರ್ಡಿನ ಮೇಲೆ ಏನು ಬರೆಸಬೇಕು?

ಕಾಫಿಪುಡಿ ಪ್ಯಾಕೆಟ್ಟಿನ ಮೇಲೆ ವೃತ್ತದೊಳಗೆ ಆರ್ ಇರುವ ಚಿಹ್ನೆ ಇದೆ. ಅದೇ ಡಿಸೈನನ್ನು ಫ್ಲೆಕ್ಸ್ ಅಂಗಡಿಗೆ ಕೊಟ್ಟರೆ ಅವರು ಕೆಫೆ ಬೋರ್ಡಿಗೂ ಅದನ್ನೇ ಹಾಕಿಬಿಡುತ್ತಾರೆ. ನೋಂದಣಿ ಇಲ್ಲದ ಸೇವೆಗೆ ಆ ಚಿಹ್ನೆ ಹಾಕುವುದು 107ನೇ ಸೆಕ್ಷನ್ ಪ್ರಕಾರ ತಪ್ಪು, ಅದಕ್ಕೆ ದಂಡವಿದೆ. ಸೇವೆಯ ಸರ್ಟಿಫಿಕೇಟ್ ಕೈಗೆ ಬರುವವರೆಗೂ ಬೋರ್ಡ್, ಮೆನು, ಯೂನಿಫಾರ್ಮ್ ಮೇಲೆ ಟಿಎಂ ಎಂಬ ಎರಡಕ್ಷರ ಇರಲಿ. ಅದನ್ನು ಅರ್ಜಿ ಹಾಕಿದ ದಿನದಿಂದಲೇ ಬಳಸಬಹುದು. ಪುಡಿಯ ಪ್ಯಾಕೆಟ್ಟಿನ ಮೇಲೆ ಆರ್ ಚಿಹ್ನೆ ಹಾಗೇ ಇರಲಿ.

ಹೊರದೇಶದಲ್ಲೂ ಕೆಫೆ ತೆರೆಯುವ ಆಸೆ ಇದ್ದರೆ, ಮ್ಯಾಡ್ರಿಡ್ ಪ್ರೋಟೊಕಾಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಮೂಲಕ ಇಲ್ಲಿಂದಲೇ ಹಲವು ದೇಶಗಳಿಗೆ ಅರ್ಜಿ ಹಾಕಬಹುದು. ಭಾರತ ಅದಕ್ಕೆ ಸೇರಿದ್ದು 2013ರಲ್ಲಿ. ಅಲ್ಲಿ ಕೇಳುವ ಪಟ್ಟಿ ಇಲ್ಲಿನ ನಿಮ್ಮ ಅರ್ಜಿ ಅಥವಾ ನೋಂದಣಿಯ ಪಟ್ಟಿಯನ್ನು ಮೀರುವಂತಿಲ್ಲ. ಇಲ್ಲಿ ಕಾಫಿಪುಡಿಯಷ್ಟೇ ಇದ್ದರೆ ಅಲ್ಲಿಗೂ ಕಾಫಿಪುಡಿಯಷ್ಟೇ ಹೋಗುತ್ತದೆ. ದುಬೈಯಲ್ಲೋ ಸಿಂಗಪುರದಲ್ಲೋ ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಕ್ಲಾಸ್ 43ರ ಅರ್ಜಿ ಇಲ್ಲಿ ಸಲ್ಲಿಕೆಯಾಗಿರಲಿ.